ಕಾಯಂ ನೌಕರಿಯ ನಂತರ ಮೊದಲ ಗುತ್ತಿಗೆ: ಊರಿಗೆ ಮರಳಿದ ಐಟಿ ತರುಣರು ತಿಳಿದಿರಬೇಕಾದ ಸಂಗತಿಗಳು

ಮಿರಜದಿಂದ ಪುಣೆಯ ಕಡೆಗೆ ಹೊರಟ ರೈಲು ಸಾಂಗಲಿಯನ್ನು ದಾಟಿದ ಮೇಲೆ ಕಿರ್ಲೋಸ್ಕರವಾಡಿ ಎಂಬ ನಿಲ್ದಾಣ ಬರುತ್ತದೆ. ಜತ್ತ, ಮಿರಜ ತಾಲೂಕುಗಳಿಂದ ಪುಣೆಯ ಐಟಿ ಕಂಪನಿಗಳಿಗೆ ಹೋದ ನಮ್ಮ ಅನೇಕ ತರುಣರು ಈ ಫಲಕವನ್ನು ಎಷ್ಟೋ ಸಲ ನೋಡಿದ್ದಾರೆ. ಆ ಹೆಸರಿನ ಹಿಂದಿರುವ ಕಥೆ ಮಾತ್ರ ಅವರಲ್ಲಿ ಕೆಲವರಿಗೆ ಈಗಷ್ಟೇ ಬೇಕಾಗಿದೆ.

ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಇಂದಿನ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅವರು ಶಿಕ್ಷಕರಾಗಿದ್ದರು. ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಆ ಕಾಯಂ ನೌಕರಿಯನ್ನು ಬಿಟ್ಟು ಬೆಳಗಾವಿಗೆ ಮರಳಿದರು. ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ನಂಬಿದ್ದ ಕಾಲವದು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಬೇಕಾಯಿತು. 1910ರಲ್ಲಿ ಔಂಧ ಸಂಸ್ಥಾನದ ಅಧಿಪತಿಗಳು ಕುಂಡಲದ ಬಳಿ ಬರಡು ಭೂಮಿಯನ್ನೂ ಬಡ್ಡಿಯಿಲ್ಲದ ಹತ್ತು ಸಾವಿರ ರೂಪಾಯಿ ಸಾಲವನ್ನೂ ಕೊಟ್ಟ ಮೇಲೆ ಕಿರ್ಲೋಸ್ಕರವಾಡಿ ತಲೆಯೆತ್ತಿತು.

ಆ ಎರಡು ವರ್ಷಗಳಲ್ಲಿ ನೇಗಿಲು ಕೆಟ್ಟದಾಗಿರಲಿಲ್ಲ, ಮಾಡಿದವರ ಕೌಶಲವೂ ಕಡಿಮೆಯಿರಲಿಲ್ಲ. ಕೊಳ್ಳುವವನಿಗೆ ವಿಶ್ವಾಸ ಬರಲು ಆಧಾರವೊಂದು ಇರಲಿಲ್ಲ, ಅಷ್ಟೇ. ಇಂದು ಕಾಯಂ ನೌಕರಿಯನ್ನು ಬಿಟ್ಟು ಅಥವಾ ಕಳೆದುಕೊಂಡು ಊರಿಗೆ ಬಂದ ಐಟಿ ತರುಣನಿಗೆ ಮೊದಲ ಗುತ್ತಿಗೆ ಸಿಗದಿರುವುದಕ್ಕೂ ಮುಖ್ಯ ಕಾರಣ ಇದೇ.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಉದಾಹರಣೆ ನನ್ನ ಕಣ್ಣೆದುರಿಗಿದೆ. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಸಾಂಗಲಿಯಲ್ಲಿ ಇಂಜಿನಿಯರಿಂಗ್ ಮುಗಿಸಿ, ಪುಣೆಯಲ್ಲಿ ಎಂಟು ವರ್ಷ ದುಡಿದವನು. ತಂದೆಯ ಅನಾರೋಗ್ಯದಿಂದಾಗಿ ನೌಕರಿ ಬಿಟ್ಟು ಮಿರಜದಲ್ಲಿ ಮನೆ ಮಾಡಿದ. ಒಂದೆರಡು ತಿಂಗಳಲ್ಲಿ ಗುತ್ತಿಗೆ ಕೆಲಸ ಸಿಕ್ಕೀತೆಂದು ನಂಬಿದ್ದವನು ಆರು ತಿಂಗಳು ಕಾದ. ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. "ಸರ್, ಎಂಟು ವರ್ಷ ನಾನು ಏನೂ ಮಾಡಿಲ್ಲವೇನೋ ಎಂಬ ಭಾವನೆ ಬರುತ್ತಿದೆ" ಎಂದು ಒಂದು ದಿನ ನನ್ನೆದುರು ಕುಳಿತು ಹೇಳಿದ. ಇಂಥ ಮಾತನ್ನು ನಾನು ಕೇಳಿದ್ದು ಅವನೊಬ್ಬನಿಂದಲೇ ಅಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯಿಂದಲೇ ಕೆಲಸ ಮಾಡಬಹುದೆಂದು ಕಂಡುಕೊಂಡವರು ಹಲವರು. 2025ರ ಜುಲೈಯಲ್ಲಿ ಟಿಸಿಎಸ್‌ನಂತಹ ಬೃಹತ್ ಕಂಪನಿಯೇ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2ರಷ್ಟನ್ನು, ಎಂದರೆ 12 ಸಾವಿರಕ್ಕೂ ಹೆಚ್ಚು ಜನರನ್ನು, ಕಡಿತಗೊಳಿಸುವುದಾಗಿ ಪ್ರಕಟಿಸಿದ ಮೇಲೆ ಕಾಯಂ ಎಂಬ ಪದದ ಮೇಲಿನ ಭರವಸೆಯೂ ಕುಂದಿದೆ.

ಅರ್ಜಿಗೆ ಉತ್ತರ ಏಕೆ ಬರುವುದಿಲ್ಲ?

ಮೊದಲನೆಯದಾಗಿ, ನೌಕರಿಯಲ್ಲಿದ್ದಾಗ ಗ್ರಾಹಕನು ನಂಬುವುದು ಕಂಪನಿಯನ್ನು. ಕಂಪನಿಯ ಹೆಸರು ತೆಗೆದೊಡನೆ ಉಳಿಯುವುದು ಒಬ್ಬ ಅಪರಿಚಿತ ವ್ಯಕ್ತಿ. ದೊಡ್ಡ ಸಂಸ್ಥೆಗಳು ತಾವು ಅನುಮೋದಿಸಿದ ಪೂರೈಕೆದಾರರ ಪಟ್ಟಿಯಿಂದಲೇ ಗುತ್ತಿಗೆಯವರನ್ನು ಪಡೆಯುತ್ತವೆ. ಒಂಟಿ ವ್ಯಕ್ತಿಗೆ ಆ ಪಟ್ಟಿ ಸುಲಭವಾಗಿ ತೆರೆಯದು. ಆದ್ದರಿಂದ ನಮ್ಮಲ್ಲಿ ಗುತ್ತಿಗೆ ಎಂದರೆ ಎರಡು ಬಗೆ. ಒಂದು, ಸಿಬ್ಬಂದಿ ಪೂರೈಸುವ ಮಧ್ಯವರ್ತಿ ಸಂಸ್ಥೆಯ ವೇತನಪಟ್ಟಿಗೆ ಸೇರಿ ಆರು ತಿಂಗಳೋ ವರ್ಷವೋ ದುಡಿಯುವುದು. ಇನ್ನೊಂದು, ಸ್ವತಂತ್ರನಾಗಿ ಬಿಲ್ಲು ಕೊಟ್ಟು ಹಣ ಪಡೆಯುವುದು. ಮೊದಲನೆಯದರಲ್ಲಿ ಆದಾಯದ ಒಂದು ಪಾಲು ಮಧ್ಯವರ್ತಿಗೆ ಹೋಗುತ್ತದೆ, ಆದರೆ ಬಾಗಿಲು ಬೇಗ ತೆರೆಯುತ್ತದೆ. ಎರಡನ್ನೂ ಒಂದೇ ಅರ್ಜಿಯಿಂದ ಹುಡುಕಿದವನಿಗೆ ಎರಡೂ ಸಿಗುವುದಿಲ್ಲ.

ಎರಡನೆಯದು ಸಮಯದ ತೊಡಕು. ಕಾಯಂ ನೌಕರರ ನೋಟಿಸು ಅವಧಿ ಅನೇಕ ಕಡೆ 60ರಿಂದ 90 ದಿನ. ಗುತ್ತಿಗೆ ಕೊಡುವವನಿಗಾದರೋ ಬರುವ ಸೋಮವಾರವೇ ಜನ ಬೇಕು. ನೌಕರಿಯಲ್ಲಿದ್ದಾಗ ಅರ್ಜಿ ಹಾಕಿದರೆ ತಡವಾಗುತ್ತದೆ, ಬಿಟ್ಟ ಮೇಲೆ ಹಾಕಿದರೆ ಕೈ ಬರಿದಾಗಿರುತ್ತದೆ.

ಮೂರನೆಯದು, ತೋರಿಸಲು ಕೆಲಸವಿಲ್ಲದಿರುವುದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ನೌಕರಿಯ ಭಾಗವಾಗಿ ಬರೆದ ಪ್ರೋಗ್ರಾಂ ಮಾಲೀಕನ ಸ್ವತ್ತು. ಅದನ್ನು ಹೊರಗೆ ತೋರಿಸಿದರೆ ಗೋಪ್ಯತೆಯ ಕರಾರನ್ನೂ ಮುರಿದಂತೆ. ಆದರೆ ಗ್ರಾಹಕನ ಹೆಸರನ್ನೂ ಕೋಡನ್ನೂ ಬಿಟ್ಟು, ಯಾವ ಬಗೆಯ ತೊಂದರೆ ಇತ್ತು, ತಾನು ಏನು ಮಾಡಿದೆ, ಫಲವೇನಾಯಿತು ಎಂದು ಸಾಮಾನ್ಯ ರೂಪದಲ್ಲಿ ಹೇಳಲು ಸಾಧ್ಯ. ಸ್ವಂತ ಸಮಯದಲ್ಲಿ ಹೊಸದಾಗಿ ಸಣ್ಣ ಮಾದರಿಯೊಂದನ್ನು ಕಟ್ಟಿ ತೋರಿಸಬಹುದು.

ನಾಲ್ಕನೆಯದು, ಬರವಣಿಗೆಯ ರೀತಿ. "ಎಂಟು ವರ್ಷಗಳ ಅನುಭವ, ತಂಡದ ಸದಸ್ಯ" ಎಂಬುದು ನೌಕರಿಯ ಭಾಷೆ. ಗುತ್ತಿಗೆ ಕೊಡುವವನು ಕೇಳುವ ಪ್ರಶ್ನೆ ಒಂದೇ: ನನ್ನ ಈ ತೊಂದರೆಯನ್ನು ಎಷ್ಟು ದಿನಗಳಲ್ಲಿ, ಎಷ್ಟು ಹಣಕ್ಕೆ ಬಗೆಹರಿಸುವಿರಿ? ನಮ್ಮ ವಿದ್ಯಾರ್ಥಿಯ ಬಯೋಡೇಟಾದಲ್ಲಿ ಹದಿನಾಲ್ಕು ತಂತ್ರಜ್ಞಾನಗಳ ಹೆಸರುಗಳಿದ್ದವು, ಈ ಪ್ರಶ್ನೆಗೆ ಉತ್ತರವಿರಲಿಲ್ಲ.

ದರದ ಲೆಕ್ಕ

ಸಂಬಳವನ್ನು ಕೆಲಸದ ದಿನಗಳಿಂದ ಭಾಗಿಸಿ ದರ ಹೇಳುವುದು ಸಾಮಾನ್ಯ ತಪ್ಪು. ವರ್ಷಕ್ಕೆ 12 ಲಕ್ಷ ರೂಪಾಯಿ ಸಂಬಳವಿತ್ತೆಂದು ತಿಳಿಯೋಣ. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 260 ದಿನ. ದಿನಕ್ಕೆ ಸುಮಾರು 4,615 ರೂಪಾಯಿ. ಆದರೆ ಗುತ್ತಿಗೆಯವನಿಗೆ ಹಬ್ಬದ ರಜೆಗೆ, ಜ್ವರಕ್ಕೆ, ಕೆಲಸ ಹುಡುಕುವ ದಿನಗಳಿಗೆ ಯಾರೂ ಹಣ ಕೊಡುವುದಿಲ್ಲ. ಬಿಲ್ಲು ಮಾಡಬಹುದಾದ ದಿನಗಳು 180 ಎಂದು ಹಿಡಿದರೆ ಅದೇ ಆದಾಯಕ್ಕೆ ದಿನಕ್ಕೆ 6,667 ರೂಪಾಯಿ ಬೇಕಾಗುತ್ತದೆ. ಆರೋಗ್ಯ ವಿಮೆ, ಕಂಪ್ಯೂಟರು, ವಿದ್ಯುತ್ ಹೋದಾಗಿನ ವ್ಯವಸ್ಥೆ ಬೇರೆ. ಮೊದಲ ಕೆಲಸಕ್ಕೆ ದರ ಇಳಿಸಲೇಬೇಕೆಂದಿದ್ದರೆ ದಿನದ ದರವನ್ನು ಇಳಿಸದೆ ಕೆಲಸದ ಗಾತ್ರವನ್ನು ಇಳಿಸುವುದು ಒಳ್ಳೆಯದು. ಒಮ್ಮೆ ಹೇಳಿದ ಅಗ್ಗದ ದರವನ್ನು ಅದೇ ಗ್ರಾಹಕನ ಮುಂದೆ ಏರಿಸುವುದು ಬಹಳ ಕಷ್ಟ.

ಮೊದಲ ಕೆಲಸ ಎಲ್ಲಿಂದ ಬರುತ್ತದೆ?

ನಿಮ್ಮ ಕೆಲಸವನ್ನು ಈಗಾಗಲೇ ಕಣ್ಣಾರೆ ಕಂಡವರಿಂದ. ಹಿಂದೆ ಜೊತೆಗಿದ್ದು ಈಗ ಬೇರೆ ಬೇರೆ ಕಂಪನಿಗಳಿಗೆ ಚದುರಿದ ಸಹೋದ್ಯೋಗಿಗಳು, ಮೇಲಧಿಕಾರಿಗಳು, ಕಾಲೇಜಿನ ಗೆಳೆಯರು, ಇವರ ಪಟ್ಟಿಯೇ ಮೊದಲ ಬಂಡವಾಳ. "ಕೆಲಸವಿದ್ದರೆ ಹೇಳಿ" ಎಂಬ ಮಾತು ಯಾರ ನೆನಪಿನಲ್ಲೂ ಉಳಿಯದು. "ಇಂಥ ಕೆಲಸವನ್ನು ಎರಡು ವಾರಗಳಲ್ಲಿ ಮಾಡಿಕೊಡುತ್ತೇನೆ" ಎಂದರೆ ಉಳಿಯುತ್ತದೆ. ಹಳೆಯ ಕಂಪನಿಯ ಕರಾರು ಇದಕ್ಕೆ ಅಡ್ಡಿಯಾಗುವುದೇ ಎಂಬ ಭಯ ಅನೇಕರಿಗಿದೆ. 1872ರ ಕರಾರು ಕಾಯ್ದೆಯ 27ನೆಯ ಕಲಮಿನಂತೆ, ನೌಕರಿ ಬಿಟ್ಟ ಮೇಲೂ ತನ್ನ ವೃತ್ತಿಯನ್ನೇ ಮಾಡಕೂಡದೆಂಬ ನಿರ್ಬಂಧ ಸಾಮಾನ್ಯವಾಗಿ ಅಸಿಂಧು. ಗೋಪ್ಯತೆಯ ಷರತ್ತು ಹಾಗಲ್ಲ, ಅದನ್ನು ಪಾಲಿಸಲೇಬೇಕು. ಹಳೆಯ ಗ್ರಾಹಕರನ್ನು ಸಂಪರ್ಕಿಸುವ ಮೊದಲು ಕರಾರುಪತ್ರವನ್ನು ವಕೀಲರಿಗೆ ತೋರಿಸುವುದು ಲೇಸು.

ಎರಡನೆಯ ಮೂಲ ನಮ್ಮ ಸುತ್ತಲೇ ಇದೆ. ಸಾಂಗಲಿಯ ಅರಿಷಿಣ ಪೇಟೆ, ಒಣದ್ರಾಕ್ಷಿಯ ಶೀತಲಗೃಹಗಳು, ಸಕ್ಕರೆ ಕಾರ್ಖಾನೆಗಳು, ಸಹಕಾರಿ ಪತಸಂಸ್ಥೆಗಳು, ಮಿರಜದ ಆಸ್ಪತ್ರೆಗಳು. ಇಲ್ಲಿ ಹಣ ಕಡಿಮೆಯಿರಬಹುದು, ಆದರೆ ತೀರ್ಮಾನ ಮಾಡುವ ವ್ಯಕ್ತಿಯನ್ನು ನೇರವಾಗಿ ಕಾಣಬಹುದು, ಮಾಡಿದ ಕೆಲಸವನ್ನು ನಾಳೆ ಇನ್ನೊಬ್ಬರಿಗೆ ತೋರಿಸಬಹುದು. ಮಿರಜದ ಆಸ್ಪತ್ರೆಗಳಿಗೆ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರೋಗಿಗಳು ಬರುತ್ತಾರೆ. ಅವರ ಕೈಗೆ ಬರುವ ಸಂದೇಶವಾಗಲಿ ಅರ್ಜಿಯಾಗಲಿ ಕನ್ನಡದಲ್ಲಿದ್ದರೆ ಔಷಧದ ಹೊತ್ತು ತಪ್ಪುವುದಿಲ್ಲ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಕೆಲಸದಲ್ಲಿ ಇಂಗ್ಲಿಷು ಬಳಸಿ ಬೆಳೆದ ನಮ್ಮ ತರುಣನು ಎರಡು ಲಿಪಿಗಳಲ್ಲೂ ಸರಿಯಾಗಿ ನಡೆಯುವ ತಂತ್ರಾಂಶವನ್ನು ಕಟ್ಟಿ, ಪರೀಕ್ಷಿಸಿ ಕೊಡಬಲ್ಲ. ಪುಣೆಯ ಅರ್ಜಿಯಲ್ಲಿ ಅವನು ಬರೆಯದೆ ಬಿಟ್ಟ ಅರ್ಹತೆ ಇದು.

ಮೂರನೆಯದು, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳ ಸಣ್ಣ ಕಂಪನಿಗಳಿಂದ ಉಪಗುತ್ತಿಗೆ. ಅವರಿಗೆ ಕೆಲಸ ಹೆಚ್ಚಾದಾಗ ಒಂದು ತಿಂಗಳಿಗೆ ಅನುಭವಿಯೊಬ್ಬ ಬೇಕಾಗುತ್ತಾನೆ. ಕಾಯಂ ಸಂಬಳ ಕೊಡುವ ಶಕ್ತಿ ಅವರಿಗಿರುವುದಿಲ್ಲ.

ಕಾಗದಪತ್ರಗಳು

ಕೆಲಸ ಎಷ್ಟೇ ಚಿಕ್ಕದಿರಲಿ, ಗ್ರಾಹಕ ಎಷ್ಟೇ ಆಪ್ತನಿರಲಿ, ಬರಹದಲ್ಲಿ ಕರಾರು ಇರಲಿ. ಯಾವ ಕೆಲಸ ಸೇರಿದೆ, ಯಾವುದು ಸೇರಿಲ್ಲ, ಮುಂಗಡವೆಷ್ಟು, ಉಳಿದ ಹಣ ಯಾವಾಗ ಎಂಬ ನಾಲ್ಕು ಸಂಗತಿಗಳು ಅದರಲ್ಲಿ ಸ್ಪಷ್ಟವಾಗಿರಬೇಕು.

ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರುವ ತನಕ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಮಿರಜದಲ್ಲಿ ಕುಳಿತು ಬೆಳಗಾವಿಯ ಗ್ರಾಹಕನಿಗೆ ಬಿಲ್ಲು ಕೊಟ್ಟರೆ ರಾಜ್ಯದ ಗಡಿ ದಾಟಿದ್ದರಿಂದ ನೋಂದಣಿ ಬೇಕೆಂದು ಹಲವರು ತಿಳಿದಿದ್ದಾರೆ. ಸೇವೆಗಳ ಮಟ್ಟಿಗೆ 2017ರ ಅಕ್ಟೋಬರಿನಿಂದಲೇ ಈ ಕಡ್ಡಾಯವನ್ನು ಸಡಿಲಿಸಲಾಗಿದೆ. ಗಡಿಯಲ್ಲಿರುವ ನಮಗೆ ಇದು ಮುಖ್ಯವಾದ ಸಂಗತಿ.

ಬಿಲ್ಲಿನ ಹಣದಿಂದ ಗ್ರಾಹಕ ಸಂಸ್ಥೆಯು ಶೇ. 10, ತಾಂತ್ರಿಕ ಸೇವೆ ಎಂದು ಪರಿಗಣಿಸಿದಲ್ಲಿ ಶೇ. 2, ಟಿಡಿಎಸ್ ಕಡಿತ ಮಾಡಬಹುದು. ಅದು ನಷ್ಟವಲ್ಲ, ವಾರ್ಷಿಕ ತೆರಿಗೆ ವಿವರಣೆ ಸಲ್ಲಿಸುವಾಗ ಲೆಕ್ಕಕ್ಕೆ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಕಲಮಿನಿಂದ ರೂಢಿಗೆ ಬಂದ ಅಂದಾಜು ಪದ್ಧತಿಯಲ್ಲಿ, 50 ಲಕ್ಷದವರೆಗಿನ ವೃತ್ತಿ ಆದಾಯದ ಅರ್ಧವನ್ನು ಲಾಭವೆಂದು ತೋರಿಸಿ ತೆರಿಗೆ ಕಟ್ಟಬಹುದು. ಮಾಹಿತಿ ತಂತ್ರಜ್ಞಾನವೂ ಇದಕ್ಕೆ ಅರ್ಹವಾದ ವೃತ್ತಿಗಳಲ್ಲಿ ಸೇರಿದೆ.

ಹಣ ತಡವಾಗುವುದು ಸಾಮಾನ್ಯ ಗೋಳು. ಕೆಲಸ ಆರಂಭಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಕರಾರಿನಲ್ಲಿ ಏನೇ ಬರೆದಿದ್ದರೂ ಕಿರು ಮತ್ತು ಸಣ್ಣ ಉದ್ಯಮಕ್ಕೆ 45 ದಿನಗಳೊಳಗೆ ಹಣ ಸಲ್ಲಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುತ್ತದೆ.

ಬಿಡುವ ಮೊದಲು

ಇನ್ನೂ ನೌಕರಿಯಲ್ಲಿರುವವರಿಗೆ ನಾಲ್ಕು ಮಾತು. ಕನಿಷ್ಠ ಎಂಟು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಕಂಪನಿಯ ವಿಮೆ ನಿಲ್ಲುವ ಮೊದಲೇ ಕುಟುಂಬಕ್ಕೆ ಸ್ವಂತ ಆರೋಗ್ಯ ವಿಮೆ ಮಾಡಿಸಿ. ಕಾಯಂ ನೌಕರನಿಗೆ ಗ್ರ್ಯಾಚ್ಯುಟಿ ಸಿಗಲು ಐದು ವರ್ಷಗಳ ನಿರಂತರ ಸೇವೆ ಬೇಕು. ಅದಕ್ಕೆ ಕೆಲವೇ ತಿಂಗಳಿದ್ದರೆ ಕಾಯಿರಿ. ಗೃಹಸಾಲದ ಯೋಚನೆಯಿದ್ದರೆ ಸಂಬಳವಿರುವಾಗಲೇ ಮುಗಿಸಿ; ಸ್ವತಂತ್ರ ವೃತ್ತಿಯವರಿಂದ ಬ್ಯಾಂಕುಗಳು ಸಾಮಾನ್ಯವಾಗಿ ಎರಡು ಮೂರು ವರ್ಷಗಳ ತೆರಿಗೆ ವಿವರಣೆಗಳನ್ನು ಕೇಳುತ್ತವೆ. ಲಕ್ಷ್ಮಣರಾವರ ನೇಗಿಲು ಮಾರಾಟವಾಗದ ಕಾಲಕ್ಕೆ ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಸೈಕಲ್ ವ್ಯಾಪಾರವಿತ್ತು ಎಂಬುದನ್ನೂ ಮರೆಯಬಾರದು.

ಮನೆಯವರಿಗೂ ಒಂದು ಮಾತು. ಮೊದಲ ಗುತ್ತಿಗೆ ಸಿಗುವ ತನಕ ಆ ತರುಣನು ಬೆಳಗಿನಿಂದ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕುಳಿತಿರುತ್ತಾನೆ, ಹಣ ಮಾತ್ರ ಬರುವುದಿಲ್ಲ. ಅದನ್ನು ಸೋಮಾರಿತನವೆಂದು ಹಂಗಿಸಬೇಡಿ. ನಿಗದಿಪಡಿಸಿಕೊಂಡ ಅವಧಿ ಮುಗಿದರೂ ಕೆಲಸ ಸಿಗದಿದ್ದರೆ ಮತ್ತೆ ನೌಕರಿಗೆ ಸೇರುವುದು ಸೋಲಲ್ಲ, ಅವಮಾನವೂ ಅಲ್ಲ.

ಶಿಕ್ಷಕನಾದ ನಾನು ಇದನ್ನೆಲ್ಲ ಏಕೆ ಬರೆಯಬೇಕು? ಊರಿನ ಒಂದು ಕುಟುಂಬ ಪುಣೆಗೆ ಹೋದಾಗ ಅವರ ಮಕ್ಕಳು ಕನ್ನಡ ಶಾಲೆಗೆ ಮತ್ತೆ ಬರುವುದಿಲ್ಲ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಕ್ಕೆ ಹೇಳುತ್ತದೆ. ಆದರೆ ತರಗತಿಯಲ್ಲಿ ಮಗುವೇ ಇಲ್ಲದಿದ್ದರೆ ಯಾವ ವಿಧಿಯಿಂದ ಏನು ಪ್ರಯೋಜನ? ಊರಿನಲ್ಲಿದ್ದುಕೊಂಡು ದುಡಿಯಲು ಸಾಧ್ಯವಾದ ಪ್ರತಿಯೊಬ್ಬ ತರುಣನೂ ನಮ್ಮ ಹಾಜರಿ ಪುಸ್ತಕದಲ್ಲಿ ಒಂದೆರಡು ಹೆಸರುಗಳನ್ನು ಉಳಿಸುತ್ತಾನೆ.

ನಮ್ಮ ವಿದ್ಯಾರ್ಥಿಗೆ ಏಳನೆಯ ತಿಂಗಳಲ್ಲಿ ಮೊದಲ ಕೆಲಸ ಸಿಕ್ಕಿತು. ಪುಣೆಯಲ್ಲಿ ಅವನ ಜೊತೆ ಕೆಲಸ ಮಾಡಿ ಈಗ ಹುಬ್ಬಳ್ಳಿಯಲ್ಲಿರುವ ಹಿರಿಯರೊಬ್ಬರು ಕೊಟ್ಟದ್ದು. ಮೂರು ವಾರಗಳ ಕೆಲಸ, ಹಳೆಯ ಲೆಕ್ಕಪತ್ರದ ದತ್ತಾಂಶವನ್ನು ಹೊಸ ವ್ಯವಸ್ಥೆಗೆ ಸಾಗಿಸುವುದು. ಬಂದ ಹಣ ಅವನ ಹಳೆಯ ಒಂದು ತಿಂಗಳ ಸಂಬಳಕ್ಕಿಂತ ಕಡಿಮೆ. ಎರಡನೆಯ ಗುತ್ತಿಗೆಗಾಗಿ ಅವನು ಒಂದೂವರೆ ತಿಂಗಳಷ್ಟೇ ಕಾಯಬೇಕಾಯಿತು. ಈ ಜೂನಿನಲ್ಲಿ ಅವನ ಮಗಳು ಒಂದನೆಯ ತರಗತಿಗೆ ಸೇರಿದಳು, ಕನ್ನಡ ಶಾಲೆಗೆ.