ಸಂಘರ್ಷೋತ್ತರ ರುವಾಂಡಾದಲ್ಲಿ ಸ್ತ್ರೀ: ಹಕ್ಕು, ಹಿಂಸೆ ಮತ್ತು ಎಣಿಕೆಯ ಪ್ರಶ್ನೆ

ಸಂಘರ್ಷೋತ್ತರ ಸಮಾಜಗಳಲ್ಲಿ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತ ಅಧ್ಯಯನಗಳಲ್ಲಿ ಆಫ್ರಿಕದ ರುವಾಂಡಾ ಪರಸ್ಪರ ವಿರುದ್ಧವಾದ ಎರಡು ಕಾರಣಗಳಿಂದ ಉಲ್ಲೇಖಗೊಳ್ಳುತ್ತದೆ. 1994ರ ಏಪ್ರಿಲ್‌ನಿಂದ ಜುಲೈವರೆಗಿನ ಸುಮಾರು 100 ದಿನಗಳ ನರಮೇಧದಲ್ಲಿ ವಿಶ್ವಸಂಸ್ಥೆಯ ಅಂದಾಜಿನಂತೆ 8 ಲಕ್ಷ ಮಂದಿ ಹತರಾದರು. ಅವರಲ್ಲಿ ಬಹುಪಾಲು ಟುಟ್ಸಿ ಸಮುದಾಯದವರು. ಅತ್ಯಾಚಾರಕ್ಕೆ ಒಳಗಾದವರ ಸಂಖ್ಯೆ 2.5 ಲಕ್ಷದಿಂದ 5 ಲಕ್ಷದವರೆಗೆ ಇರಬಹುದೆಂದು 1996ರಲ್ಲಿ ಆ ಸಂಸ್ಥೆಯ ವಿಶೇಷ ವರದಿ ಅಂದಾಜಿಸಿತು. ಅದೇ ದೇಶದಲ್ಲಿ 2008ರ ಚುನಾವಣೆಯ ಅನಂತರ ಸಂಸತ್ತಿನ ಕೆಳಮನೆಯ 80 ಸ್ಥಾನಗಳ ಪೈಕಿ 45 ಸ್ತ್ರೀಯರ ಪಾಲಾದವು. ರಾಷ್ಟ್ರೀಯ ಶಾಸನಸಭೆಯೊಂದರಲ್ಲಿ ಸ್ತ್ರೀಯರು ಬಹುಸಂಖ್ಯಾತರಾದುದು ಜಗತ್ತಿನಲ್ಲಿ ಅದೇ ಮೊದಲು. ಈ ಎರಡು ಸಂಗತಿಗಳ ನಡುವೆ ಸಾಮಾನ್ಯ ಸ್ತ್ರೀಯ ಬದುಕು ಎಲ್ಲಿ ನಿಂತಿತು ಎಂಬುದು ವಿವೇಚನೆಗೆ ಅರ್ಹವಾದ ಪ್ರಶ್ನೆ.

ಯುದ್ಧ ಮುಗಿದಾಗ ಮೂರರಲ್ಲಿ ಒಂದರಷ್ಟು ಕುಟುಂಬಗಳ ಹೊಣೆ ಸ್ತ್ರೀಯರ ಮೇಲಿತ್ತು. ಆದರೆ ಸಂಪ್ರದಾಯದ ಪ್ರಕಾರ ಭೂಮಿ ತಂದೆಯಿಂದ ಮಗನಿಗೆ ಸಲ್ಲುತ್ತಿತ್ತು. ಉಳುವ ಕೈ ವಿಧವೆಯದಾದರೂ ಹೊಲ ಗಂಡನ ಅಣ್ಣತಮ್ಮಂದಿರದೆಂಬ ವಾದ ಎದುರಾಗುತ್ತಿತ್ತು. ಈ ಹಿನ್ನೆಲೆಯಲ್ಲಿ ಸ್ತ್ರೀ ಸಂಘಟನೆಗಳ ಒತ್ತಾಯದ ಫಲವಾಗಿ 1999ರಲ್ಲಿ ಬಂದ ಉತ್ತರಾಧಿಕಾರ ಕಾನೂನು ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಸಮಪಾಲನ್ನು ವಿಧಿಸಿತು. 2003ರ ಸಂವಿಧಾನವು ನಿರ್ಣಾಯಕ ಸಂಸ್ಥೆಗಳಲ್ಲಿ ಸ್ತ್ರೀಯರಿಗೆ ಕನಿಷ್ಠ ಶೇ. 30ರಷ್ಟು ಸ್ಥಾನವನ್ನು ಕಡ್ಡಾಯಗೊಳಿಸಿತು. 2008ರ ಕಾನೂನಿನಿಂದ ದಾಂಪತ್ಯದೊಳಗಿನ ಬಲಾತ್ಕಾರವೂ ಅಪರಾಧವೆನಿಸಿತು.

ಈ ಸುಧಾರಣೆಗಳು ಅಲ್ಪವಾದುವಲ್ಲ. ಆದರೆ ಅವುಗಳ ಫಲ ದೊರೆಯಬೇಕಾದರೆ ಸ್ತ್ರೀಯು ಕಾನೂನು ಗುರುತಿಸುವ ಯಾವುದಾದರೊಂದು ವರ್ಗಕ್ಕೆ ಸೇರಿರಬೇಕಿತ್ತು. ಪತ್ನಿಗೆ ಆಸ್ತಿಯ ರಕ್ಷಣೆ ದೊರೆತದ್ದು ನೋಂದಾಯಿತ ವಿವಾಹದಲ್ಲಿ ಮಾತ್ರ. ಗ್ರಾಮೀಣ ರುವಾಂಡಾದಲ್ಲಿ ಸಂಪ್ರದಾಯದಂತೆ ಮದುವೆಯಾಗಿ, ಅಥವಾ ಮದುವೆಯ ವಿಧಿಯಿಲ್ಲದೆ ಕೂಡಿ ಬಾಳಿ, ಮಕ್ಕಳನ್ನು ಹೆತ್ತ ಅಸಂಖ್ಯ ಸ್ತ್ರೀಯರು ಆ ರಕ್ಷಣೆಯ ಹೊರಗೆ ಉಳಿದರು. ಗಂಡ ಸತ್ತಾಗಲಾಗಲಿ, ಮತ್ತೊಬ್ಬಳನ್ನು ಕಟ್ಟಿಕೊಂಡಾಗಲಾಗಲಿ, ವರ್ಷಗಳ ಕಾಲ ತಾನು ದುಡಿದ ಹೊಲವನ್ನು ಬಿಟ್ಟು ಹೊರಡಬೇಕಾದ ಸ್ಥಿತಿ ಅವರದಾಯಿತು.

ನ್ಯಾಯದಾನದಲ್ಲಿಯೂ ಇದೇ ಬಗೆಯ ಸಮಸ್ಯೆ ಕಂಡುಬರುತ್ತದೆ. ತಾಂಜಾನಿಯದ ಅರುಷಾದಲ್ಲಿದ್ದ ಅಂತಾರಾಷ್ಟ್ರೀಯ ನ್ಯಾಯಮಂಡಳಿಯು ಟಾಬಾ ಪ್ರದೇಶದ ಆಡಳಿತಾಧಿಕಾರಿ ಜಾನ್‌ಪಾಲ್ ಅಕಯೇಸುವಿನ ಮೊಕದ್ದಮೆಯಲ್ಲಿ 1998ರ ಸೆಪ್ಟೆಂಬರ್ 2ರಂದು ನೀಡಿದ ತೀರ್ಪಿನಲ್ಲಿ, ಅತ್ಯಾಚಾರವು ನರಮೇಧದ ಕೃತ್ಯವಾಗಬಲ್ಲದೆಂದು ಮೊತ್ತಮೊದಲಿಗೆ ಘೋಷಿಸಿತು. ಮೂಲ ದೋಷಾರೋಪಣಪಟ್ಟಿಯಲ್ಲಿ ಈ ಅಪರಾಧದ ಉಲ್ಲೇಖವೇ ಇರಲಿಲ್ಲ. ಸಾಕ್ಷಿ ಹೇಳಲು ಬಂದ ಸ್ತ್ರೀಯರು ನಡೆದುದನ್ನು ನುಡಿದ ಮೇಲೆಯೇ 1997ರಲ್ಲಿ ಅದು ಸೇರ್ಪಡೆಯಾಯಿತು. ಆದರೆ ಆ ವರ್ಷಗಳಲ್ಲಿ ನ್ಯಾಯಮಂಡಳಿಯ ವಶದಲ್ಲಿದ್ದ ಎಚ್‌ಐವಿ ಸೋಂಕಿತ ಆರೋಪಿಗಳಿಗೆ ಸಿಕ್ಕ ಔಷಧ, ಅತ್ಯಾಚಾರದಿಂದ ಅದೇ ಸೋಂಕು ತಗುಲಿದ ಅನೇಕ ಸ್ತ್ರೀಯರಿಗೆ ಎಟುಕಲಿಲ್ಲ. ತೀರ್ಪು ಸ್ತ್ರೀಯನ್ನು ಸಾಕ್ಷಿಯಾಗಿ ಗುರುತಿಸಿತೇ ಹೊರತು ರೋಗಿಯಾಗಿ ಅಲ್ಲ.

ಸಮುದಾಯ ನ್ಯಾಯಾಲಯಗಳಾದ ಗಚಾಚಾಗಳಲ್ಲಿ ಅತ್ಯಾಚಾರದ ಪ್ರಕರಣಗಳು ಮೊದಲಿಗೆ ವಿಚಾರಣೆಗೆ ಬರುತ್ತಿರಲಿಲ್ಲ. 2008ರ ತಿದ್ದುಪಡಿಯ ಅನಂತರ ಅವನ್ನು ಅಲ್ಲಿಗೆ ವರ್ಗಾಯಿಸಿ, ವಿಚಾರಣೆಯನ್ನು ಗೋಪ್ಯವಾಗಿ ನಡೆಸಲಾಯಿತು. ಆದರೆ ಊರಿನವರೇ ನ್ಯಾಯಾಧೀಶರಾಗಿ ಕುಳಿತೆಡೆಯಲ್ಲಿ ಗೋಪ್ಯತೆ ಎಷ್ಟರಮಟ್ಟಿಗೆ ಸಾಧ್ಯವೆಂಬ ಅಳುಕು ಸ್ತ್ರೀಯರಲ್ಲಿ ಉಳಿಯಿತು. ಯುದ್ಧದಲ್ಲಿ ಗೆದ್ದ ಪಡೆಯ ಸೈನಿಕರ ಕೃತ್ಯಗಳು ಈ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಲೇ ಇಲ್ಲ. ಹೀಗಾಗಿ ಆ ಕೃತ್ಯಗಳಲ್ಲಿ ಗಂಡನನ್ನು ಕಳೆದುಕೊಂಡ ಹುಟು ಸ್ತ್ರೀಯ ದುಃಖಕ್ಕೆ ಸಾರ್ವಜನಿಕ ಹೆಸರು ದೊರೆಯಲಿಲ್ಲ. ಅತ್ಯಾಚಾರದಿಂದ 1995ರಲ್ಲಿ ಜನಿಸಿದ ಮಕ್ಕಳು ನರಮೇಧದ ಅವಧಿಯ ಅನಂತರ ಹುಟ್ಟಿದವರೆಂಬ ಕಾರಣಕ್ಕೆ ಬದುಕುಳಿದವರ ಸರ್ಕಾರಿ ಸಹಾಯನಿಧಿಯಿಂದ ಹೊರಗುಳಿದರು. ಅವರ ಶಾಲಾಶುಲ್ಕದ ಭಾರ ತಾಯಂದಿರ ಮೇಲೆಯೇ ಬಿದ್ದಿತು.

ಇಲ್ಲಿ ಸಂಸತ್ತಿನ ಬಹುಮತದ ಪ್ರಶ್ನೆ ಮತ್ತೆ ಎದುರಾಗುತ್ತದೆ. 2013ರ ಚುನಾವಣೆಯಲ್ಲಿ ಸ್ತ್ರೀಯರ ಸ್ಥಾನಗಳು 51ಕ್ಕೆ ಏರಿದವು. ಆದರೆ ಆಳುವ ಪಕ್ಷದ ಹಿಡಿತ ಬಲವಾಗಿರುವ ವ್ಯವಸ್ಥೆಯಲ್ಲಿ ಸದಸ್ಯೆಯರ ಸಂಖ್ಯೆಯೊಡನೆ ಸ್ವತಂತ್ರವಾಗಿ ಮಾತನಾಡುವ ಅವಕಾಶವೂ ಬೆಳೆಯಿತೆಂದು ಹೇಳಲಾಗದು. ಅಲ್ಲದೆ ಸದನದಲ್ಲಿ ಒಪ್ಪಿಗೆ ಪಡೆದ ಹಕ್ಕನ್ನು ಮನೆಯಲ್ಲಿ ಕೇಳಿದಾಗ ಅದೇ ಹೊಸ ಕಲಹಕ್ಕೆ ಕಾರಣವಾದ ನಿದರ್ಶನಗಳೂ ಇವೆ.

ಇದರಿಂದ ಕಾನೂನುಗಳು ನಿರರ್ಥಕವೆಂದು ತೀರ್ಮಾನಿಸುವುದು ಸರಿಯಲ್ಲ. 2009ರಿಂದ ನಡೆದ ಭೂನೋಂದಣಿಯಲ್ಲಿ ಗಂಡಹೆಂಡಿರ ಹೆಸರುಗಳನ್ನು ಜೊತೆಯಾಗಿ ದಾಖಲಿಸಿದ್ದರಿಂದ ಹಲವು ಸ್ತ್ರೀಯರಿಗೆ ಮೊದಲ ಬಾರಿಗೆ ದಾಖಲೆಯ ಬಲ ದೊರೆಯಿತು. ಆದರೆ ಸಂಘರ್ಷೋತ್ತರ ಸಮಾಜದಲ್ಲಿ ಸ್ತ್ರೀಯ ಸ್ಥಾನಮಾನವನ್ನು ಅಳೆಯುವಾಗ ಸದನದ ಸ್ಥಾನಗಳನ್ನು ಎಣಿಸಿದರೆ ಸಾಲದು. ಪತ್ನಿ, ಸಂತ್ರಸ್ತೆ, ಸಾಕ್ಷಿ ಎಂಬ ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದವರು ಯಾರೆಂಬುದನ್ನು ಮೊದಲು ಕೇಳಬೇಕು. ಹಿಂಸೆ ನಿಂತ ಮೇಲೂ ಅದರ ಹೊರೆಯನ್ನು ಹೆಚ್ಚಾಗಿ ಹೊತ್ತವರು ಅವರೇ.