‘ಕಸ’ದೊಳಗಿನ ಸ್ವಿಚ್ಚುಗಳು
ಮನುಷ್ಯನ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆ ಇರುವುದು ನೂರಕ್ಕೆ ಸುಮಾರು 2ರಷ್ಟು ಭಾಗದಲ್ಲಿ ಮಾತ್ರ. ಮಿಕ್ಕಿದ್ದನ್ನು ಒಂದು ಕಾಲಕ್ಕೆ ‘ಕಸ’ ಎಂದೇ ಕರೆದರು, ಅವಸರದ ಹೆಸರು. ನರಕೋಶದಲ್ಲೂ ಯಕೃತ್ತಿನ ಕೋಶದಲ್ಲೂ ಇರುವುದು ಅದೇ ಜೀನ್‌ಗಳು. ಯಾವುದು ಎಲ್ಲಿ, ಯಾವಾಗ, ಎಷ್ಟು ದುಡಿಯಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಈ ‘ಕಸ’ದಲ್ಲಿರುವ ಎನ್‌ಹ್ಯಾನ್ಸರ್‌ನಂಥ ತುಣುಕುಗಳು. ಎನ್‌ಹ್ಯಾನ್ಸರ್ ತನ್ನ ಜೀನ್‌ನಿಂದ ಲಕ್ಷಾಂತರ ಅಕ್ಷರಗಳಷ್ಟು ದೂರವಿದ್ದರೂ ಅಡ್ಡಿಯಿಲ್ಲ; ಡಿಎನ್‌ಎ ಎಳೆ ಕುಣಿಕೆಯಂತೆ ಬಾಗಿ ಎರಡನ್ನೂ ಹತ್ತಿರ ತರುತ್ತದೆ. ನಿಯಂತ್ರಕ ಪ್ರೋಟೀನ್‌ಗಳು ಅಲ್ಲಿ ಬಂದು ಕೂತರೆ ಜೀನ್‌ನ ಕೆಲಸ ಚುರುಕಾಗುತ್ತದೆ.

ಹೇರ್5 ಎಂಬ ಎನ್‌ಹ್ಯಾನ್ಸರನ್ನೇ ನೋಡಬಹುದು. ಭ್ರೂಣದ ಮಿದುಳಿನಲ್ಲಿ ಫ್ರಿಜಲ್ಡ್8 ಜೀನನ್ನು ಪ್ರಚೋದಿಸುವ ಈ ತುಣುಕಿನಲ್ಲಿ ಮನುಷ್ಯನಿಗೂ ಚಿಂಪಾಂಜಿಗೂ ವ್ಯತ್ಯಾಸ ಬರೀ 16 ಅಕ್ಷರ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ರೂಪಗಳನ್ನು ಬೇರೆ ಬೇರೆ ಇಲಿ ಭ್ರೂಣಗಳಿಗೆ ಸೇರಿಸಿದರು. ಎನ್‌ಹ್ಯಾನ್ಸರ್ ಎಚ್ಚೆತ್ತಲ್ಲೆಲ್ಲ ನೀಲಿ ಬಣ್ಣ ಮೂಡುವ ಏರ್ಪಾಡು. ಮಾನವ ರೂಪ ಪಡೆದ ಭ್ರೂಣಗಳಲ್ಲಿ ನೀಲಿ ಬೇಗನೆ ಕಂಡಿತು, ಗಾಢವಾಗಿಯೂ ಇತ್ತು. ಅದೇ ರೂಪವನ್ನು ಫ್ರಿಜಲ್ಡ್8ಕ್ಕೆ ಜೋಡಿಸಿದಾಗ ಮಿದುಳಿನ ಮೂಲಕೋಶಗಳು ಬೇಗಬೇಗ ವಿಭಜನೆಗೊಂಡವು; 2015ರಲ್ಲಿ ಪ್ರಕಟವಾದ ಲೆಕ್ಕದಂತೆ ಮಿದುಳು ಚಿಂಪಾಂಜಿ ರೂಪದ ಇಲಿಗಳದಕ್ಕಿಂತ ನೂರಕ್ಕೆ 12ರಷ್ಟು ದೊಡ್ಡದಾಗಿತ್ತು.

ಹುಟ್ಟಿದ ಮೇಲೂ ಎನ್‌ಹ್ಯಾನ್ಸರ್‌ಗಳ ಕೆಲಸ ನಿಲ್ಲುವುದಿಲ್ಲ. ನರಕೋಶಕ್ಕೆ ಪ್ರಚೋದನೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಫಾಸ್ ಎಂಬ ಜೀನ್‌ನ ಸುತ್ತಲಿನ ಎನ್‌ಹ್ಯಾನ್ಸರ್‌ಗಳು ಅದನ್ನು ಚಾಲೂ ಮಾಡುತ್ತವೆ.