ದಮ್ಮು ಬಂತು, ಕಾಲು ಬಂತೇ?

ಎಂ.ಎಸ್ಸಿ ಓದಲು ಇಂಗ್ಲೆಂಡಿಗೆ ಬಂದಿರುವ ನಾನು ಕೈಖರ್ಚಿಗೆಂದು ವಾರಾಂತ್ಯದಲ್ಲಿ ಕುದುರೆ ಲಾಯವೊಂದರಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ಚಳಿಗಾಲದಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ನೆಲ ಒಂದೋ ಕೆಸರು, ಇಲ್ಲವೇ ಹೆಪ್ಪುಗಟ್ಟಿದ ಕಲ್ಲು. ಹಾಗಾಗಿ ಎಷ್ಟೋ ಕುದುರೆಗಳಿಗೆ ಲಾಳ ತೆಗೆದು ಎರಡು–ಮೂರು ತಿಂಗಳು ರಜೆ ಕೊಡುತ್ತಾರೆ. ಫೆಬ್ರುವರಿ ಕೊನೆಗೆ ಅವನ್ನು ಮತ್ತೆ ಸವಾರಿಗೆ ಸಜ್ಜು ಮಾಡುವುದೇ ನಿಜವಾದ ಕೆಲಸ.

ಮೊದಲು ಹಲ್ಲು, ಗೊರಸು, ಲಸಿಕೆಗಳ ತಪಾಸಣೆ. ರಜೆಯಲ್ಲಿ ಬೆನ್ನಿನ ಮಾಂಸ ಇಳಿದಿರುತ್ತದೆ. ಹೋದ ವರ್ಷ ಸರಿಯಾಗಿ ಕೂತ ಜೀನು ಈಗ ಒತ್ತಬಹುದು. ಆಮೇಲೆ ದಿನಕ್ಕೆ 20 ನಿಮಿಷ ಬರೀ ನಡಿಗೆ, ಅದೂ ಸಮತಟ್ಟಾದ ನೆಲದಲ್ಲಿ. ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಮೂರು–ನಾಲ್ಕು ವಾರ ನಡಿಗೆಯೇ. ನಂತರ ಒಂದೆರಡು ನಿಮಿಷದ ಟ್ರಾಟ್. ಕ್ಯಾಂಟರ್‌ಗೆ ಆರನೇ ವಾರದವರೆಗಾದರೂ ಕಾಯಬೇಕು. ದೂರ, ವೇಗ, ಏರು ಈ ಮೂರರಲ್ಲಿ ಒಮ್ಮೆಗೆ ಒಂದನ್ನೇ ಹೆಚ್ಚಿಸುವುದು ನಮ್ಮ ನಿಯಮ. ಧಾನ್ಯವನ್ನೂ ಕೆಲಸಕ್ಕೆ ತಕ್ಕಂತೆ ನಿಧಾನವಾಗಿಯೇ ಏರಿಸುತ್ತೇವೆ. ಒಮ್ಮೆಲೇ ಸುರಿದರೆ ಹೊಟ್ಟೆನೋವು ಗ್ಯಾರಂಟಿ ಎಂದೇ ಹೇಳುತ್ತಾರೆ.

ಲೆಕ್ಕ ಬರೆಯುವುದು ನನ್ನ ಪಾಲು. ದವಡೆಯ ಅಡಿಯಲ್ಲಿ ಬೆರಳಿಟ್ಟು ನಾಡಿ ಎಣಿಸುತ್ತೇನೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಸವಾರಿ ಮುಗಿದು 10–15 ನಿಮಿಷವಾದರೂ 60ರ ಆಸುಪಾಸಿಗೆ ಇಳಿಯದಿದ್ದರೆ ಅವತ್ತಿನ ಕೆಲಸ ಹೆಚ್ಚಾಯಿತೆಂದು ಅರ್ಥ. ಮರುದಿನ ಬೆಳಿಗ್ಗೆ ನಾಲ್ಕೂ ಕಾಲು ಸವರಿ, ಬಿಸಿ ಅಥವಾ ಊತ ಇದೆಯೇ ನೋಡುತ್ತೇನೆ.

ಅಪಾಯ ಇರುವುದು ನಾಲ್ಕು–ಐದನೇ ವಾರದಲ್ಲಿ. ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ. ಆದರೆ ಟೆಂಡನ್, ಮೂಳೆಗಳು ಗಟ್ಟಿಯಾಗಲು ಹಲವು ತಿಂಗಳು ಬೇಕು. ಕುದುರೆ ಏದುಸಿರು ಬಿಡುವುದಿಲ್ಲ, ಓಡಲು ಚಡಪಡಿಸುತ್ತದೆ. ಕಾಲು ಮಾತ್ರ ಇನ್ನೂ ತಯಾರಿರುವುದಿಲ್ಲ. ಈ ಸಲ ಒಂದು ಕುದುರೆಯ ಒಡತಿ ಏಪ್ರಿಲ್ ಸ್ಪರ್ಧೆಗೆಂದು ಆಗಲೇ ಬೇಲಿ ಹಾರಿಸಬೇಕೆಂದು ಹಟ ಹಿಡಿದಳು. ಲಾಯದ ಮೇಲ್ವಿಚಾರಕಿ ನನ್ನ ನೋಟ್‌ಬುಕ್ ಮುಂದಿಟ್ಟು, ‘ಸ್ಪರ್ಧೆ ಮತ್ತೆ ಬರುತ್ತದೆ. ಟೆಂಡನ್ ಹರಿದರೆ ಈ ವರ್ಷವೇ ಹೋಯಿತು’ ಎಂದರು. ಹುಡುಗಿ ಮುಖ ಊದಿಸಿಕೊಂಡಳು. ಕುದುರೆ ಮಾತ್ರ ನಡಿಗೆ, ಟ್ರಾಟ್‌ನಲ್ಲೇ ಮುಂದುವರಿಯಿತು.

ಊರಲ್ಲಿ ಪೊಲೀಸ್ ನೇಮಕಾತಿಗೆ ಓದುತ್ತಿರುವ ಗೆಳೆಯರಿಗೆ ಇದನ್ನೇ ಹೇಳಿದೆ. ಲಿಖಿತ ಪರೀಕ್ಷೆ ಮುಗಿಯುವವರೆಗೆ ಕುಳಿತಲ್ಲೇ ಇದ್ದು, ಆಮೇಲೆ ಒಮ್ಮೆಲೇ 1,600 ಮೀಟರ್ ಓಟಕ್ಕೆ ಇಳಿಯಬೇಡಿ. ಎರಡೇ ವಾರಕ್ಕೆ ದಮ್ಮು ಬಂದಂತೆ ಅನ್ನಿಸುತ್ತದೆ, ಮೊಣಕಾಲಿನ ಕೆಳಗೆ ನೋವು ಶುರುವಾಗುವುದೂ ಆಗಲೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಅಂದಿಲ್ಲ. ಇವತ್ತೇ ನಡಿಗೆ ಶುರು ಮಾಡಿ.